ನಗಣ್ಯ ಎನ್ನುವ ಮುನ್ನ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಜನರಲ್ ಕೆಮಿಸ್ಟ್ರಿ ಸಾಮಾನ್ಯವಾಗಿ ಎರಡು ಕಂತಿನ ಪಾಠ. ಆಗಸ್ಟಿನಲ್ಲಿ ಶುರುವಾಗಿ ಡಿಸೆಂಬರಿಗೆ ಮುಗಿಯುವ ಮೊದಲ ಕಂತಿನಲ್ಲಿ ಪದಾರ್ಥಗಳ ಪರಿಚಯವಾಗುತ್ತದೆ: ಪರಮಾಣು, ಎಲೆಕ್ಟ್ರಾನು, ಬಂಧ, ಅಣುವಿನ ಆಕಾರ. ಜನವರಿಯಲ್ಲಿ ಶುರುವಾಗುವ ಎರಡನೆಯದು ಅವುಗಳ ವ್ಯವಹಾರದ್ದು. ಯಾವುದು ಯಾವುದರ ಜೊತೆ ಕೂಡುತ್ತದೆ, ಎಲ್ಲಿಯವರೆಗೆ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ, ಹೋದದ್ದು ವಾಪಸು ಬರುತ್ತದೆಯೇ. ಸಮತೋಲನ, ಆಮ್ಲ-ಪ್ರತ್ಯಾಮ್ಲ, ಥರ್ಮೋಡೈನಮಿಕ್ಸ್, ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್ ಎಲ್ಲವೂ ಮೇ ತಿಂಗಳ ಪರೀಕ್ಷೆಯೊಳಗೆ ಮುಗಿಯಬೇಕು. ಹೆಸರಿಗೆ ಇದು ವಸಂತದ ಸೆಮಿಸ್ಟರ್. ಮಧ್ಯಪಶ್ಚಿಮದ ಊರುಗಳಲ್ಲಿ ಮಾತ್ರ ಅರ್ಧ ಸೆಮಿಸ್ಟರನ್ನು ಹಿಮ ತುಳಿದುಕೊಂಡೇ ಕಳೆಯಬೇಕು.

ಅಂಥದೊಂದು ಊರಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ ಮಾಡುವಾಗ ನಾನು ಈ ಎರಡನೇ ಕಂತಿನ ಆನರ್ಸ್ ತರಗತಿಗೆ ಟಿ.ಎ. ಆಗಿದ್ದೆ. ಟೀಚಿಂಗ್ ಅಸಿಸ್ಟೆಂಟ್ ಎಂಬ ಈ ಜೀವಿಯ ಕೆಲಸ ಪ್ರೊಫೆಸರರ ಪಾಠಕ್ಕೂ ಹುಡುಗರ ತಲೆಗೂ ನಡುವೆ ಓಡಾಡುವುದು. ವಾರಕ್ಕೊಮ್ಮೆ ಡಿಸ್ಕಷನ್ ಸೆಕ್ಷನ್ ನಡೆಸಬೇಕು, ಲ್ಯಾಬಿನಲ್ಲಿ ನಿಲ್ಲಬೇಕು, ಉತ್ತರಪತ್ರಿಕೆ ತಿದ್ದಬೇಕು, ಆಫೀಸ್ ಅವರ್‌ನಲ್ಲಿ ಬಾಗಿಲು ತೆರೆದು ಕೂರಬೇಕು. ಅಲ್ಲಿನ ಕೆಮಿಸ್ಟ್ರಿ ವಿಭಾಗಗಳಲ್ಲಿ ಈ ಕೆಲಸ ಮಾಡಿಯೇ ಫೀಸು ಮಾಫಿ ಮಾಡಿಸಿಕೊಂಡು ಓದಿದ ಕನ್ನಡಿಗರು ಕಡಿಮೆಯಿಲ್ಲ.

ಅಲ್ಲಿ ಆನರ್ಸ್ ಅಂದರೆ ಡಿಗ್ರಿಯ ಹೆಸರಲ್ಲ. ನಮ್ಮಲ್ಲಿ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ ಗೊಂದಲಕ್ಕೂ ಇದಕ್ಕೂ ಸಂಬಂಧವಿಲ್ಲ. ಅದೇ ಪಠ್ಯವನ್ನು ಗಟ್ಟಿಯಾಗಿ, ಚಿಕ್ಕ ಗುಂಪಿಗೆ, ಕ್ಯಾಲ್ಕುಲಸ್ ಬರುತ್ತದೆ ಎಂದು ನಂಬಿ ಕಲಿಸುವ ಸೆಕ್ಷನ್ನಿಗೆ ಅಲ್ಲಿ ಆ ಹೆಸರು. ಮಾಮೂಲಿ ಜನರಲ್ ಕೆಮಿಸ್ಟ್ರಿಗೆ ಒಂದೇ ಹಾಲಿನಲ್ಲಿ ಮುನ್ನೂರು ನಾನೂರು ಜನ. ಅದರಲ್ಲಿ ಬಹುಪಾಲು ಮೆಡಿಕಲ್ ಸೇರುವ ಆಸೆಯವರು, ಕೆಮಿಸ್ಟ್ರಿಯನ್ನು ದಾಟಬೇಕಾದ ಹೊಳೆ ಎಂದು ತಿಳಿದವರು. ಆನರ್ಸ್ ಸೆಕ್ಷನ್ನಿನಲ್ಲಿ ಐವತ್ತು ಅರವತ್ತು ಜನ ಇದ್ದರೆ ಹೆಚ್ಚು. ಪುಸ್ತಕವೂ ಬೇರೆ. ಆಕ್ಸ್‌ಟೋಬಿ ಮತ್ತು ಗಿಲ್ಲಿಸ್ ಬರೆದ 'ಪ್ರಿನ್ಸಿಪಲ್ಸ್ ಆಫ್ ಮಾಡರ್ನ್ ಕೆಮಿಸ್ಟ್ರಿ'ಯಂಥ, ಬಣ್ಣದ ಚಿತ್ರಕ್ಕಿಂತ ಸಮೀಕರಣ ಹೆಚ್ಚಿರುವ ಪುಸ್ತಕ.

ಆದರೆ ನಿಜವಾದ ವ್ಯತ್ಯಾಸ ಕಷ್ಟದ ಪ್ರಮಾಣದಲ್ಲಿಲ್ಲ. ಮಾಮೂಲಿ ತರಗತಿಯಲ್ಲಿ ಲೆಕ್ಕ ಸುಲಭವಾಗಲಿ ಎಂದು ಯಾವುದನ್ನೆಲ್ಲ ಬಿಟ್ಟುಬಿಡುತ್ತೇವೋ, ಅದನ್ನು ಇಲ್ಲಿ 'ಯಾಕೆ ಬಿಟ್ಟೆ?' ಎಂದು ಕೇಳುತ್ತಾರೆ. ಇಡೀ ಸೆಮಿಸ್ಟರಿನ ಜಗಳ ಇದೊಂದರ ಸುತ್ತಲೇ.

ಸಮತೋಲನದ ಕಥೆಯೇ ಹಾಗೆ ಶುರುವಾದದ್ದು. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಸೈನ್ಯದ ಜೊತೆ ವಿಜ್ಞಾನಿಗಳ ಒಂದು ತಂಡವನ್ನೂ ಕರೆದುಕೊಂಡು ಹೋಗಿದ್ದ. ಅದರಲ್ಲಿ ಕ್ಲಾಡ್ ಬರ್ತೊಲೆ ಎಂಬ ರಸಾಯನಶಾಸ್ತ್ರಜ್ಞನಿದ್ದ. ಅಲ್ಲಿನ ನೇಟ್ರಾನ್ ಸರೋವರಗಳ ದಂಡೆಯಲ್ಲಿ ಆತ ಸೋಡಾದ ಹೆಪ್ಪುಗಳನ್ನು ಕಂಡ. ಪ್ರಯೋಗಾಲಯದಲ್ಲಿ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದರೆ ಸುಣ್ಣಕಲ್ಲಿನ ಪುಡಿ ತಳಕ್ಕೆ ಕೂರುತ್ತದೆ, ಉಪ್ಪು ನೀರಿನಲ್ಲಿ ಉಳಿಯುತ್ತದೆ. ಇದು ಆಗ ಎಲ್ಲರಿಗೂ ಗೊತ್ತಿದ್ದದ್ದು. ಈ ದಂಡೆಯಲ್ಲಿ ನಡೆದಿದ್ದು ಅದರ ತದ್ವಿರುದ್ಧ: ಉಪ್ಪುನೀರು ಸುಣ್ಣಕಲ್ಲಿನ ಮೇಲೆ ನಿಂತು ನಿಂತು ಸೋಡಾ ಆಗಿತ್ತು. ಯಾವುದಕ್ಕೆ ಯಾವುದರ ಮೇಲೆ ಸೆಳೆತ ಹೆಚ್ಚು ಎನ್ನುವುದಷ್ಟೇ ಕ್ರಿಯೆಯನ್ನು ನಿರ್ಧರಿಸುವುದಿಲ್ಲ, ಯಾವುದು ಎಷ್ಟಿದೆ ಎನ್ನುವುದೂ ನಿರ್ಧರಿಸುತ್ತದೆ ಎಂದು ಬರ್ತೊಲೆ ವಾದಿಸಿದ. 1803ರಲ್ಲಿ ಅದನ್ನೇ ಪುಸ್ತಕ ಮಾಡಿ ಬರೆದ. ಅದಕ್ಕೊಂದು ಖಚಿತ ಗಣಿತ ಸಿಕ್ಕಿದ್ದು 1864ರಲ್ಲಿ, ನಾರ್ವೆಯಲ್ಲಿ, ಸಂಬಂಧದಲ್ಲಿ ಭಾವ-ಮೈದುನರಾಗಿದ್ದ ಗುಲ್ಡ್‌ಬರ್ಗ್ ಮತ್ತು ವೋಗೆ ಅವರಿಂದ. ನಾರ್ವೆಯ ಭಾಷೆಯಲ್ಲಿ ಬರೆದದ್ದರಿಂದ ಬಹಳ ವರ್ಷ ಯಾರೂ ಅದನ್ನು ಓದಲಿಲ್ಲ. ಸಣ್ಣ ಭಾಷೆಯಲ್ಲಿ ವಿಜ್ಞಾನ ಬರೆಯುವವರ ಪಾಡು ನಮಗೇನೂ ಹೊಸದಲ್ಲ.

ನಮ್ಮ ಪಿಯುಸಿ ಹುಡುಗರಿಗೆ ಈ ಎರಡನೇ ಕಂತಿನ ಪಾಠವೆಲ್ಲ ಮೊದಲೇ ಆಗಿರುತ್ತದೆ ಎಂಬುದು ಅಲ್ಲಿನವರಿಗೆ ಆಶ್ಚರ್ಯ. ಸಮತೋಲನ, ಥರ್ಮೋಡೈನಮಿಕ್ಸ್ ಮೊದಲ ವರ್ಷದಲ್ಲೇ ಮುಗಿದಿರುತ್ತವೆ. ಎಲೆಕ್ಟ್ರೋಕೆಮಿಸ್ಟ್ರಿ, ಕೈನೆಟಿಕ್ಸ್ ಎರಡನೇ ವರ್ಷದಲ್ಲಿ. ಅದರ ಮೇಲೆ ಸಿಇಟಿಗೆಂದು 80 ನಿಮಿಷದಲ್ಲಿ 60 ಪ್ರಶ್ನೆ ಹೊಡೆದುಹಾಕುವ ತಾಲೀಮು ಬೇರೆ. ನನ್ನ ಸೆಕ್ಷನ್ನಿಗೆ ಒಮ್ಮೆ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಉಳಿದವರೆಲ್ಲ ನನ್ನನ್ನು ಹೆಸರು ಹಿಡಿದು ಕರೆದರೆ ಅವಳೊಬ್ಬಳಿಗೆ ಕೊನೆಯವರೆಗೂ ನಾನು 'ಸರ್'. ಮೊದಲ ವಾರವೇ ಹಾಳೆಯ ಮೇಲೆ ಒಂದು ಹಳೆಯ ಪ್ರಶ್ನೆ ಬಂತು: ಒಂದು ಲೀಟರಿನಲ್ಲಿ ಮೋಲ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ಪಿಎಚ್ ಎಷ್ಟು?

ಲಾಗ್ ತೆಗೆದು ಲೆಕ್ಕ ಹಾಕಿದರೆ ಬರುವ ಉತ್ತರ 8. ಅಂದರೆ ಶುದ್ಧ ನೀರಿಗೆ ಆಮ್ಲ ಹಾಕಿದ್ದಕ್ಕೆ ಅದು ಪ್ರತ್ಯಾಮ್ಲವಾಯಿತು ಎಂದ ಹಾಗೆ. ಅರ್ಧ ತರಗತಿ ಅದನ್ನೇ ಬರೆದು, ನಂತರ ತಾವು ಬರೆದದ್ದನ್ನು ತಾವೇ ನೋಡಿ ನಕ್ಕಿತು. ನಮ್ಮ ಹುಡುಗಿ ಪೆನ್ನು ಎತ್ತುವ ಮೊದಲೇ 6.98 ಎಂದಳು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇದೇ ಲೆಕ್ಕ ಇದೆ, ನಮ್ಮವರಿಗೆ ಉತ್ತರ ಬಾಯಿಪಾಠ. ನೀರು ತಾನೇ ಒಡೆದು ಕೊಡುವ ಹೈಡ್ರೋಜನ್ ಅಯಾನು ಕೋಟಿಯಲ್ಲಿ ಒಂದು ಪಾಲು. ಹಾಕಿದ ಆಮ್ಲ ಅದರ ಹತ್ತನೇ ಒಂದರಷ್ಟೇ ಇರುವಾಗ ನೀರಿನ ಪಾಲನ್ನು ಬಿಟ್ಟು ಲೆಕ್ಕ ಮಾಡಲಾಗದು.

"ಸರಿ. ಹಾಗಾದರೆ ಯಾವಾಗ ಬಿಡಬಹುದು?" ಎಂದು ಹಾಳೆಯ ಮುಂದಿನ ಪ್ರಶ್ನೆ ಓದಿದೆ.

"ಆಮ್ಲ ಜಾಸ್ತಿ ಇದ್ದಾಗ, ಸರ್."

"ಜಾಸ್ತಿ ಅಂದರೆ ಎಷ್ಟು? ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು."

ಅವಳ ಪೆನ್ನು ನಿಂತಿತು. ಆಮೇಲೆ ಅವಳೂ ಪಕ್ಕದ ಹುಡುಗನೂ ಸೇರಿ ವರ್ಗಸಮೀಕರಣವನ್ನು ತಿರುವಿ ಹಾಕಿ ಕಂಡುಕೊಂಡರು: ಆಮ್ಲ ಹತ್ತು ಲಕ್ಷದಲ್ಲಿ ಒಂದು ಪಾಲು ಮುಟ್ಟಿದಾಗ ನೀರಿನ ಕೊಡುಗೆ ಶೇಕಡ ಒಂದಕ್ಕೆ ಇಳಿಯುತ್ತದೆ. ಅಲ್ಲಿಂದ ಮೇಲೆ ಧೈರ್ಯವಾಗಿ ಬಿಡಬಹುದು. ಇಷ್ಟಕ್ಕೆ ಇಡೀ ಐವತ್ತು ನಿಮಿಷ ಹೋಯಿತು. ಸಿಇಟಿ ತಯಾರಿಯ ಲೆಕ್ಕದಲ್ಲಿ ಇದು ದಂಡ. ಆನರ್ಸ್ ತರಗತಿಯ ಲೆಕ್ಕದಲ್ಲಿ ಅವತ್ತು ಆದದ್ದೇ ಪಾಠ.

ಅದೇ ಪ್ರಶ್ನೆಯ ಬಾಲ ಲ್ಯಾಬಿನಲ್ಲಿ ಕಾಣಿಸಿಕೊಂಡಿತು. ಪಿಎಚ್ ಮೀಟರಿನ ಮೊದಲ ಪ್ರಯೋಗದ ದಿನ ಪ್ರತಿಯೊಬ್ಬರೂ ಎರಡು ಬಫರ್ ದ್ರಾವಣಗಳಲ್ಲಿ ಮೀಟರನ್ನು ಹೊಂದಿಸಿ, ಎಲೆಕ್ಟ್ರೋಡನ್ನು ತೊಳೆದು, ಟಿಶ್ಯೂವಿನಿಂದ ಉಜ್ಜದೆ ಬರೀ ಒತ್ತಿ ಒರೆಸಿ, ಬೀಕರಿನಲ್ಲಿದ್ದ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಬೇಕು. 7 ಬರಬೇಕಿತ್ತಲ್ಲ. ಅಂಕಿ ಕುಣಿಯುತ್ತ ಕುಣಿಯುತ್ತ 5.7ರ ಆಸುಪಾಸಿಗೆ ಬಂದು ನಿಂತಿತು. ಆ ಹುಡುಗಿ ಮೀಟರ್ ಕೆಟ್ಟಿದೆ ಎಂದು ಪಕ್ಕದ ಬೆಂಚಿನದನ್ನು ತಂದಳು. ಅದರಲ್ಲೂ 5.7. ಬಾಟಲಿಯ ನೀರು ಬದಲಾಯಿಸಿದಳು. ಮತ್ತೂ ಅಷ್ಟೇ. ಕೊನೆಗೆ ಬೆಂಚಿನ ಆಚೆ ತುದಿಯಲ್ಲಿದ್ದ ಹುಡುಗ, ಹೈಸ್ಕೂಲಿನಲ್ಲಿ ಅಕ್ವೇರಿಯಂ ಸಾಕಿದವನು, "ಗಾಳಿ" ಎಂದ. ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಅಂದ ಮೇಲೆ ನಾವು ಅಷ್ಟು ಜತನದಿಂದ ಲೆಕ್ಕ ಹಾಕಿದ 6.98 ಎಂಬ ಉತ್ತರ ತೆರೆದ ಬೀಕರಿನಲ್ಲಿ ಎಂದೂ ಕಾಣಲು ಸಿಗದ ಅಂಕಿ. ನೀರನ್ನು ಬಿಡಬಾರದು ಎಂದು ಕಲಿತದ್ದು ಸರಿ, ಆದರೆ ಗಾಳಿಯನ್ನು ಬಿಟ್ಟಿದ್ದೆವು.

ಲ್ಯಾಬಿನ ಮಾತು ಬಂದದ್ದರಿಂದ ಇನ್ನೊಂದು. ನಮ್ಮ ಕಾಲೇಜುಗಳಲ್ಲಿ ಪ್ರಾಕ್ಟಿಕಲ್ ಅಂದರೆ ರೆಕಾರ್ಡ್ ಬುಕ್ಕು. ಬಲಗಡೆ ಗೆರೆ ಹಾಳೆಯಲ್ಲಿ ಬರಹ, ಎಡಗಡೆ ಬಿಳಿ ಹಾಳೆಯಲ್ಲಿ ಪೆನ್ಸಿಲ್ ಚಿತ್ರ ಮತ್ತು ಲೆಕ್ಕ, ಬ್ರೌನ್ ಪೇಪರಿನ ಹೊದಿಕೆ. ಬ್ಯುರೆಟ್ ರೀಡಿಂಗು ಎರಡು ಸಲ ಒಂದೇ ಬರಬೇಕು, ಬರದಿದ್ದರೆ ಬರುವಂತೆ ಬರೆಯುವ ವಿದ್ಯೆಯನ್ನು ಸೀನಿಯರುಗಳು ದಾಟಿಸಿರುತ್ತಾರೆ. ಅಲ್ಲಿನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿಗೆ ಪ್ರವೇಶವಿಲ್ಲ. ಪುಟಗಳಿಗೆ ನಂಬರ್ ಇರುತ್ತದೆ, ಹರಿಯುವ ಹಾಗಿಲ್ಲ, ವೈಟ್ನರ್ ಹಚ್ಚುವ ಹಾಗಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಟೈಟ್ರೇಷನ್‌ನಲ್ಲಿ ಫಿನಾಲ್ಫ್ಥಲೀನ್ ಹಾಕಿದ ದ್ರಾವಣ ನಸುಗುಲಾಬಿಗೆ ತಿರುಗಿ ಅರ್ಧ ನಿಮಿಷ ಹಾಗೇ ನಿಲ್ಲಬೇಕು. ಗಾಢ ಗುಲಾಬಿಯಾದರೆ ಒಂದು ಹನಿ ದಾಟಿತು ಎಂದರ್ಥ. ದಾಟಿದ್ದನ್ನೂ ಬರೆಯಬೇಕು. ಐದು ರೀಡಿಂಗು ಐದು ಬಗೆಯಾಗಿದ್ದರೆ ಸರಾಸರಿ ಎಷ್ಟು, ಅದರಿಂದ ಚದುರಿದ್ದು ಎಷ್ಟು, ಒಂದನ್ನು ಕೈಬಿಡುವುದಾದರೆ ಯಾವ ಆಧಾರದ ಮೇಲೆ ಎಂದು ವಾದಿಸಬೇಕು. ನಮ್ಮ ಹುಡುಗಿಯ ಮೊದಲ ರಿಪೋರ್ಟಿನಲ್ಲಿ ಮೂರೂ ರೀಡಿಂಗು ದಶಮಾಂಶದ ಎರಡನೇ ಸ್ಥಾನದವರೆಗೆ ಒಂದೇ ಇದ್ದವು. ಪ್ರೊಫೆಸರ್ ಅದರ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು, ಅಷ್ಟೇ. ಮುಂದಿನ ವಾರದಿಂದ ಅವಳ ನೋಟ್‌ಬುಕ್ಕು ಗಲೀಜಾಯಿತು. ನನಗೆ ಸಮಾಧಾನವಾಯಿತು.

ಉಳಿದ ಪ್ರಯೋಗಗಳು ಕಣ್ಣಿಗೆ ಹಬ್ಬ, ಬರಹಕ್ಕೆ ಅಷ್ಟಾಗಿ ಒದಗುವುದಿಲ್ಲ. ಕೋಬಾಲ್ಟ್ ಕ್ಲೋರೈಡಿನ ಗುಲಾಬಿ ದ್ರಾವಣವನ್ನು ಬಿಸಿನೀರಿನಲ್ಲಿಟ್ಟರೆ ನೀಲಿ, ಮಂಜುಗಡ್ಡೆಯಲ್ಲಿಟ್ಟರೆ ಮತ್ತೆ ಗುಲಾಬಿ. ಗಂಜಿ ಬೆರೆಸಿದ ಅಯೋಡಿನ್ ಗಡಿಯಾರ ಬಹಳ ಹೊತ್ತು ನೀರಿನಂತಿದ್ದು, ಇದ್ದಕ್ಕಿದ್ದಂತೆ ಶಾಯಿಯಾಗುತ್ತದೆ. ಇವನ್ನು ಯಾವ ಸೆಕ್ಷನ್ನಿನವರೂ ಮಾಡುತ್ತಾರೆ, ಎಲ್ಲರೂ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಾರೆ.

ಇಡೀ ಸೆಮಿಸ್ಟರನ್ನು ಒಂದೇ ಕ್ರಿಯೆಯಲ್ಲಿ ಹೇಳಬೇಕೆಂದರೆ ಅದು ಅಮೋನಿಯ. ನಮ್ಮ ಪ್ರೊಫೆಸರ್ ಅದಕ್ಕೆ ಪೂರ್ತಿ ಒಂದು ವಾರ ಕೊಡುತ್ತಿದ್ದರು. ಗಾಳಿಯ ಸಾರಜನಕಕ್ಕೆ ಜಲಜನಕ ಸೇರಿಸಿದರೆ ಅಮೋನಿಯ, ಅದರಿಂದ ಯೂರಿಯಾ. ನಮ್ಮ ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಮಾಡುವುದೂ ಅದನ್ನೇ. ಕಾಗದದ ಮೇಲೆ ಇದು ಹೂವೆತ್ತಿದಷ್ಟು ಹಗುರ. 25 ಡಿಗ್ರಿಯಲ್ಲಿ ಈ ಕ್ರಿಯೆಯ ಸಮತೋಲನ ಸ್ಥಿರಾಂಕ ಲಕ್ಷಗಳ ಲೆಕ್ಕದಲ್ಲಿದೆ, ಅಂದರೆ ಎಲ್ಲವೂ ಅಮೋನಿಯವಾಗಿಬಿಡಬೇಕು. ಆಗುವುದಿಲ್ಲ. ಸಾರಜನಕದ ಎರಡು ಪರಮಾಣುಗಳ ನಡುವಿನ ಮೂರೆಳೆಯ ಬಂಧ ಅಷ್ಟು ಸುಲಭಕ್ಕೆ ಬಿಚ್ಚದು. ಯುಗ ಕಳೆದರೂ ಏನೂ ಕಾಣದು. ಥರ್ಮೋಡೈನಮಿಕ್ಸ್ 'ಹೋಗು' ಎನ್ನುತ್ತದೆ, ಕೈನೆಟಿಕ್ಸ್ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಬಿಸಿ ಮಾಡಿದರೆ ಬಾಗಿಲು ತೆರೆಯುತ್ತದೆ ನಿಜ. ಆದರೆ ಈ ಕ್ರಿಯೆ ಶಾಖ ಹೊರಹಾಕುವಂಥದ್ದು, ಬಿಸಿ ಹೆಚ್ಚಿದಷ್ಟೂ ಸಮತೋಲನ ಹಿಂದಕ್ಕೆ ಸರಿಯುತ್ತದೆ. 450 ಡಿಗ್ರಿ ಮುಟ್ಟುವಷ್ಟರಲ್ಲಿ ಅದೇ ಸ್ಥಿರಾಂಕ ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕೆಳಗೆ ಬಿದ್ದಿರುತ್ತದೆ. ಬೇಗ ಬೇಕಾದರೆ ಕಡಿಮೆ ಸಿಗುತ್ತದೆ, ಹೆಚ್ಚು ಬೇಕಾದರೆ ಕಾಯಬೇಕು.

ಒತ್ತಡ ಹೆಚ್ಚಿಸಿದರೆ ಅನುಕೂಲ ಎಂದು ಹೇಳುವ ತತ್ವ ಲ ಶಾಟ್ಲಿಯೆಯದು, 1884ರದ್ದು. ಪಿಯುಸಿಯಲ್ಲಿ ಎಲ್ಲರೂ ಬರೆಯುವ ಎರಡು ಅಂಕದ ಪ್ರಶ್ನೆ. ತನ್ನದೇ ತತ್ವವನ್ನು ನಂಬಿ 1901ರಲ್ಲಿ ಆತ ಹೆಚ್ಚಿನ ಒತ್ತಡದಲ್ಲಿ ಅಮೋನಿಯ ಮಾಡಲು ಕೈಹಾಕಿದ. ಉಪಕರಣದೊಳಗೆ ಗಾಳಿ ಉಳಿದುಕೊಂಡಿತ್ತು, ಅದರ ಆಮ್ಲಜನಕ ಜಲಜನಕದ ಜೊತೆ ಸೇರಿ ಸಿಡಿಯಿತು. ಆತ ಕೆಲಸವನ್ನು ಅಲ್ಲಿಗೇ ಕೈಬಿಟ್ಟ, ಮುಂದೆ ಬಹಳ ಪರಿತಪಿಸಿದ. ಇತ್ತ ಜರ್ಮನಿಯಲ್ಲಿ ಫ್ರಿಟ್ಜ್ ಹೇಬರ್ ಸಾವಿರ ಡಿಗ್ರಿಯಲ್ಲಿ ಎಷ್ಟು ಅಮೋನಿಯ ಉಳಿಯುತ್ತದೆಂದು ಅಳೆದು, ಶೇಕಡ ಒಂದರ ಸಾವಿರದ ಕೆಲವೇ ಪಾಲು ಎಂದು ಪ್ರಕಟಿಸಿದ. ವಾಲ್ಟರ್ ನರ್ನ್‌ಸ್ಟ್ ತನ್ನ ಹೊಸ ಸಿದ್ಧಾಂತದ ಪ್ರಕಾರ ಅಷ್ಟೂ ಬರಲಾರದು ಎಂದ. 1907ರಲ್ಲಿ ವಿಜ್ಞಾನಿಗಳ ಸಭೆಯಲ್ಲೇ ಹೇಬರನ ಅಳತೆ ತಪ್ಪು ಎಂದು ಎಲ್ಲರೆದುರು ಸಾರಿದ. ಕಣ್ಣಿಗೆ ಕಾಣದ ಆ ಚೂರಿಗಾಗಿ ಇಬ್ಬರು ದಿಗ್ಗಜರು ಕಿತ್ತಾಡಿದರು. ಅವಮಾನವಾಗಿದ್ದ ಹೇಬರ್, ರಾಬರ್ಟ್ ಲ ರೊಸಿನ್ಯೋಲ್ ಎಂಬ ಕೈಚಳಕದ ಸಹಾಯಕನ ಜೊತೆ ಸೇರಿ ಮತ್ತೆ ಅಳೆದ, ಒತ್ತಡ ಏರಿಸುತ್ತ ಹೋದ. 1909ರ ಜುಲೈನಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ, ಬಿಎಎಸ್‌ಎಫ್ ಕಂಪನಿಯವರ ಎದುರಿಗೆ, ಅಮೋನಿಯ ಹನಿ ಹನಿಯಾಗಿ ಇಳಿಯಿತು.

ಹೇಬರ್ ಬಳಸಿದ್ದ ವೇಗವರ್ಧಕ ಆಸ್ಮಿಯಂ. ಲೋಕದಲ್ಲಿರುವ ಅಷ್ಟೂ ಆಸ್ಮಿಯಂ ಕೂಡಿಸಿದರೂ ಕಾರ್ಖಾನೆಗಳಿಗೆ ಸಾಲದು. ಕಂಪನಿಯ ಆಲ್ವಿನ್ ಮಿಟ್ಟಾಷ್ ಅಗ್ಗದ ವಸ್ತು ಹುಡುಕುತ್ತ ಸಾವಿರಾರು ಪರೀಕ್ಷೆ ಮಾಡಿದ. ಶುದ್ಧ ಕಬ್ಬಿಣ ಕೈಕೊಟ್ಟಿತು. ಸ್ವೀಡನ್ನಿನ ಗಣಿಯೊಂದರ ಅದಿರು ಮಾತ್ರ ಸೊಗಸಾಗಿ ಕೆಲಸ ಮಾಡಿತು. ಯಾಕೆಂದು ಕೆದಕಿದಾಗ ಸಿಕ್ಕಿದ್ದು ಅದರಲ್ಲಿದ್ದ ಕಲ್ಮಶ! ಅಲ್ಯೂಮಿನಾ, ಪೊಟ್ಯಾಸಿಯಂನಂಥವನ್ನು ಚಿಟಿಕೆಯಷ್ಟು ಬೇಕೆಂದೇ ಬೆರೆಸಿದ ಕಬ್ಬಿಣವೇ ಮುಂದೆ ರೂಢಿಯಾಯಿತು. 1913ರಲ್ಲಿ ಓಪ್ಪಾವ್‌ನಲ್ಲಿ ಕಾರ್ಖಾನೆ ತೆರೆಯಿತು. ಇಂದಿಗೂ ಈ ವಿಧಾನದಲ್ಲಿ ಅನಿಲಗಳು ಒಂದು ಸಲ ಹಾದುಹೋದಾಗ ಅಮೋನಿಯವಾಗುವುದು ಶೇಕಡ 15ರ ಆಸುಪಾಸು. ಉಳಿದದ್ದನ್ನು ಮತ್ತೆ ಮತ್ತೆ ಸುತ್ತಿಸುತ್ತಾರೆ.

ಈ ಹೇಬರನೇ 1915ರ ಏಪ್ರಿಲ್‌ನಲ್ಲಿ ಮೊದಲ ಮಹಾಯುದ್ಧದ ಈಪ್ರ್ ರಣರಂಗದಲ್ಲಿ ಕ್ಲೋರಿನ್ ಅನಿಲ ಹಾಯಿಸುವ ಉಸ್ತುವಾರಿ ಹೊತ್ತವನು. ಅದಾದ ಕೆಲವೇ ದಿನಗಳಲ್ಲಿ, ಸ್ವತಃ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಹೆಂಡತಿ ಕ್ಲಾರಾ ಇಮ್ಮರ್‌ವಾರ್ ಗುಂಡು ಹಾರಿಸಿಕೊಂಡು ಸತ್ತಳು. 1918ರ ನೊಬೆಲ್ ಹೇಬರನಿಗೆ ಸಂದಿತು. ಪಠ್ಯಪುಸ್ತಕಗಳು ಇದನ್ನೆಲ್ಲ ಪುಟದ ಮೂಲೆಯ ಒಂದು ಬಾಕ್ಸಿನಲ್ಲಿ ಹಾಕಿ ಮುಗಿಸುತ್ತವೆ. ಪರೀಕ್ಷೆಗೆ ಬಾಕ್ಸಿನ ಒಳಗಿನದು ಬರುವುದಿಲ್ಲ ಎಂದು ಹುಡುಗರಿಗೆ ಗೊತ್ತು.

ಗಿಬ್ಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ರಿಯೆ ತಾನಾಗಿ ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಈ ಸೆಮಿಸ್ಟರಿನಲ್ಲಿ ದಿನ ಬೆಳಗಾದರೆ ಬಳಸುವ 'ಜಿ' ಅವನ ಹೆಸರಿನದು. ಯೇಲ್ ವಿಶ್ವವಿದ್ಯಾಲಯ 1871ರಲ್ಲಿ ಅವನನ್ನು ಪ್ರೊಫೆಸರ್ ಮಾಡಿತು, ಸಂಬಳ ಮಾತ್ರ ಒಂಬತ್ತು ವರ್ಷ ಕೊಡಲಿಲ್ಲ. ಬೇರೆ ವಿಶ್ವವಿದ್ಯಾಲಯ ಕರೆದಾಗಲೇ ಯೇಲ್‌ಗೆ ಎಚ್ಚರವಾದದ್ದು. ಆ ಸಂಬಳವಿಲ್ಲದ ವರ್ಷಗಳಲ್ಲೇ ಆತ ತನ್ನ ಮಹಾಪ್ರಬಂಧವನ್ನು ಕನೆಟಿಕಟ್‌ನ ಒಂದು ಸ್ಥಳೀಯ ಪತ್ರಿಕೆಯಲ್ಲಿ 1876ರಿಂದ 1878ರವರೆಗೆ ಕಂತುಗಳಲ್ಲಿ ಅಚ್ಚು ಮಾಡಿಸಿದ. ಅವನ ಬರಹದ ಬೆಲೆ ಮೊದಲಿಗೇ ತಿಳಿದವರಲ್ಲಿ ಬ್ರಿಟನ್ನಿನ ಮ್ಯಾಕ್ಸ್‌ವೆಲ್ ಒಬ್ಬ. ಗಿಬ್ಸ್ ಅದಕ್ಕೂ ಮೊದಲು ಬರೆದಿದ್ದ ಲೇಖನವೊಂದನ್ನು ಓದಿ, ಅದರಲ್ಲಿದ್ದ ಮೇಲ್ಮೈಯ ಮಾದರಿಯನ್ನು ಗಾರೆಯಲ್ಲಿ ಮಾಡಿ ಅವನಿಗೆ ಕಳಿಸಿಕೊಟ್ಟ.

ಜನರಲ್ ಕೆಮಿಸ್ಟ್ರಿಯನ್ನು ಯಾರು ಕಲಿಸಬೇಕು ಎಂಬ ವಿಷಯದಲ್ಲಿ ಅಮೆರಿಕದವರಿಂದ ನಾವು ಕಲಿಯುವುದಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ 1912ರಲ್ಲಿ ಜಿ.ಎನ್. ಲೂಯಿಸ್ ಮುಖ್ಯಸ್ಥನಾಗಿ ಬಂದ. ಚುಕ್ಕಿ ಚುಕ್ಕಿ ಹಾಕಿ ಎಲೆಕ್ಟ್ರಾನು ತೋರಿಸುವ ಚಿತ್ರಕ್ಕೆ ಇವನದೇ ಹೆಸರು. ಹೊಸ ವಿದ್ಯಾರ್ಥಿಗಳ ಮೊದಲ ಕೋರ್ಸು ಜೂನಿಯರುಗಳ ಪಾಲಿನ ಬಿಟ್ಟಿ ಕೆಲಸವಲ್ಲ, ಇಡೀ ವಿಭಾಗದ ಹೊಣೆ ಎಂಬುದು ಅವನ ಪಟ್ಟು. ಅವನ ಹಿಂದೆಯೇ 1913ರಲ್ಲಿ ಬಂದ ಜೋಯಲ್ ಹಿಲ್ಡೆಬ್ರಾಂಡ್ 1952ರಲ್ಲಿ ನಿವೃತ್ತನಾಗುವವರೆಗೂ ಹೊಸಬರಿಗೆ ಪಾಠ ಮಾಡಿದ. 1936ರ ಒಲಿಂಪಿಕ್ಸಿಗೆ ಅಮೆರಿಕದ ಸ್ಕೀ ತಂಡದ ಮ್ಯಾನೇಜರ್ ಆಗಿದ್ದವನೂ ಇವನೇ, ನೂರು ದಾಟಿ ಬದುಕಿದ. ಪಾಠ ಮಾಡಿ ಯಾರೂ ಸವೆಯುವುದಿಲ್ಲ ಎನ್ನಲು ಸಾಕ್ಷಿ ಬೇಕೆಂದರೆ ಇದೊಂದಿದೆ. ಅಲ್ಲಿ ಈಗಲೂ ಕೆಮಿಸ್ಟ್ರಿಯನ್ನೇ ಮುಖ್ಯವಾಗಿ ಓದುವವರಿಗೆ 4ಎ ಮತ್ತು 4ಬಿ ಎಂಬ ಗಟ್ಟಿ ಕೋರ್ಸುಗಳು, ಉಳಿದವರಿಗೆ ಬೇರೆ. ಪಾಠದ ಪಿಮೆಂಟೆಲ್ ಹಾಲ್‌ನಲ್ಲಿ ತಿರುಗುವ ವೇದಿಕೆ ಇದೆ, ನಮ್ಮ ಗುಬ್ಬಿ ನಾಟಕ ಕಂಪನಿಯವರು ನೋಡಿದ್ದರೆ ಮೆಚ್ಚುತ್ತಿದ್ದರು. ಮುಂದೆ ಪಾಠ ನಡೆಯುವಾಗ ಹಿಂದಿನ ಭಾಗದಲ್ಲಿ ಮುಂದಿನ ತರಗತಿಯ ಪ್ರಯೋಗ ಸಜ್ಜಾಗುತ್ತಿರುತ್ತದೆ. ಅತ್ತ ಕ್ಯಾಲ್‌ಟೆಕ್‌ನಲ್ಲಿ ಲೈನಸ್ ಪೌಲಿಂಗ್ ಹೊಸಬರಿಗೆ ಪಾಠ ಹೇಳಿ, 1947ರಲ್ಲಿ 'ಜನರಲ್ ಕೆಮಿಸ್ಟ್ರಿ' ಎಂಬ ಪಠ್ಯಪುಸ್ತಕವನ್ನೇ ಬರೆದ. ಮುಂದೆ ಎರಡು ನೊಬೆಲ್ ಪಡೆದ ಮನುಷ್ಯ. ನಮ್ಮಲ್ಲಿ ಮೊದಲ ಸೆಮಿಸ್ಟರಿನ ಬಿಎಸ್ಸಿ ತರಗತಿ ಸಿಗುವುದು ಹೆಚ್ಚಾಗಿ ಈ ವರ್ಷವಷ್ಟೇ ನೇಮಕವಾದ ಅತಿಥಿ ಉಪನ್ಯಾಸಕರಿಗೆ.

ಹಾಗೆಂದು ಅಲ್ಲೆಲ್ಲ ನಂದನವನ ಎಂದಲ್ಲ. ಆನರ್ಸ್ ಸೆಕ್ಷನ್ ಎನ್ನುವುದೇ ಒಂದು ಬೇಲಿ. ಹೈಸ್ಕೂಲಿನಲ್ಲೇ ಎ.ಪಿ. ಕೆಮಿಸ್ಟ್ರಿ ಎಂಬ ಕಾಲೇಜು ಮಟ್ಟದ ಪಾಠ ಓದಿ ಐದಕ್ಕೆ ಐದು ತೆಗೆದವರು ಸಲೀಸಾಗಿ ಒಳಗೆ ಬರುತ್ತಾರೆ. ಆ ಪಾಠವೇ ಇಲ್ಲದ ಬಡ ಊರಿನ ಶಾಲೆಯಿಂದ ಬಂದವರು ಎಷ್ಟೇ ಚುರುಕಾಗಿದ್ದರೂ ಮುನ್ನೂರು ಜನರ ಹಾಲಿಗೇ ಹೋಗಬೇಕು. ಯಾಕೆ ಎಂದು ಕೇಳುವ ಬಿಡುವು ಒಬ್ಬರಿಗೆ, ಸೂತ್ರ ಹಾಕುವ ಅವಸರ ಇನ್ನೊಬ್ಬರಿಗೆ ಎಂದು ಹಂಚುವುದು ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಮಾಮೂಲಿ ಸೆಕ್ಷನ್ನಿನ ಹುಡುಗರು ಕೇಳುವ 'ಯಾಕೆ' ಕಡಿಮೆ ಹರಿತದ್ದೇನಲ್ಲ, ಉತ್ತರ ಹೇಳಲು ಅಲ್ಲಿ ಸಮಯ ಇರುವುದಿಲ್ಲ.

ಅಂಕದ ಲೆಕ್ಕವೂ ನಮಗೆ ವಿಚಿತ್ರ. ಮಿಡ್‌ಟರ್ಮಿನಲ್ಲಿ ತರಗತಿಯ ಸರಾಸರಿ ಐವತ್ತರ ಹತ್ತಿರ ಬಂದರೂ ಯಾರೂ ಎದೆ ಬಡಿದುಕೊಳ್ಳುವುದಿಲ್ಲ, ಕರ್ವ್ ಹಾಕಿ, ಅಂದರೆ ಉಳಿದವರ ಅಂಕಕ್ಕೆ ಹೋಲಿಸಿ, ಗ್ರೇಡ್ ಕೊಡುತ್ತಾರೆ. ಪಿಯುಸಿಯಲ್ಲಿ 98 ತೆಗೆದ ನಮ್ಮ ಹುಡುಗಿ ಮೊದಲ ಮಿಡ್‌ಟರ್ಮಿನ 61 ನೋಡಿ ಆಫೀಸ್ ಅವರಿನಲ್ಲಿ ಕೂತು ಬಿಕ್ಕಿದಳು. "ಅಪ್ಪನಿಗೆ ಏನು ಹೇಳಲಿ, ಸರ್?" ಎಂದಳು. ಆ 61 ತರಗತಿಯ ಮೊದಲ ಹತ್ತರೊಳಗೆ ಬರುತ್ತದೆ ಎಂದು ಪಟ್ಟಿ ತೋರಿಸಿದ ಮೇಲೂ ನಂಬಲು ಹೊತ್ತು ಹಿಡಿಯಿತು. ಕೈನೆಟಿಕ್ಸ್ ಅಧ್ಯಾಯದಲ್ಲಿ ಬರುವ ಅರೇನಿಯಸ್ ಸಮೀಕರಣದವನ ಕಥೆ ಹೇಳಿದೆ. 1884ರಲ್ಲಿ ಉಪ್ಸಲಾದಲ್ಲಿ ಅವನ ಪ್ರಬಂಧಕ್ಕೆ ಸಿಕ್ಕಿದ್ದು ಪಾಸಾಗಲು ಸಾಕಾಗುವಷ್ಟು ದರ್ಜೆ. ಅದೇ ವಿಷಯಕ್ಕೆ 1903ರಲ್ಲಿ ನೊಬೆಲ್ ಬಂತು. "ಅದು ಅವನಿಗೆ. ನಮ್ಮಪ್ಪ ದಾವಣಗೆರೆಯಲ್ಲಿದ್ದಾರೆ" ಎಂದು ಕಣ್ಣೊರೆಸಿಕೊಂಡಳು.

ಕೆಮಿಸ್ಟ್ರಿಗೆಂದು ನಮ್ಮವರು ಅಲ್ಲಿಗೆ ಹೋಗುವುದು ನಿನ್ನೆ ಮೊನ್ನೆಯದಲ್ಲ. ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ ಮುಗಿಸಿದ್ದ ಸಿ.ಎನ್.ಆರ್. ರಾವ್ ಪರ್ಡ್ಯೂ ವಿಶ್ವವಿದ್ಯಾಲಯದಿಂದ 1958ರಲ್ಲಿ ಡಾಕ್ಟರೇಟ್ ಪಡೆದು ಬಂದವರು. ಇತ್ತ ನಮ್ಮಲ್ಲೂ ಅದಕ್ಕೂ ಬಹಳ ಹಿಂದೆ, 1911ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಅಲ್ಲಿದ್ದ ಕೆಲವೇ ವಿಭಾಗಗಳಲ್ಲಿ ಜನರಲ್ ಕೆಮಿಸ್ಟ್ರಿಯೂ ಒಂದು. ಸಂಸ್ಥೆಯ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರಾಮ್ಸೆ ಜೊತೆ ಸೇರಿ ನಿಯಾನ್, ಕ್ರಿಪ್ಟಾನ್, ಝೆನಾನ್ ಪತ್ತೆ ಮಾಡಿದ್ದವನು. ಗಾಳಿಯಲ್ಲಿ ಲೆಕ್ಕಕ್ಕೇ ಇಲ್ಲ ಎಂದು ಎಲ್ಲರೂ ಬಿಟ್ಟಿದ್ದ ಅನಿಲಗಳು ಅವು.

ಮೇ ತಿಂಗಳ ಫೈನಲ್ ಪರೀಕ್ಷೆಗೆ ಆ ವರ್ಷ ಪ್ರೊಫೆಸರ್ ಕೊಟ್ಟ ಕೊನೆಯ ಪ್ರಶ್ನೆ ಮಳೆನೀರಿನದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂಬ ಅಂಕಿ, ಅದು ನೀರಿನಲ್ಲಿ ಕರಗುವ ಸ್ಥಿರಾಂಕ, ಕಾರ್ಬಾನಿಕ್ ಆಮ್ಲ ಎರಡು ಹಂತದಲ್ಲಿ ಒಡೆಯುವ ಎರಡು ಸ್ಥಿರಾಂಕ ಕೊಟ್ಟಿದ್ದರು. ಮಳೆನೀರಿನ ಪಿಎಚ್ ಕಂಡುಹಿಡಿಯಿರಿ. ಏನನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಬರೆಯಿರಿ. ಇಷ್ಟೇ. ಉತ್ತರ 5.6. ಕೈಗಾರಿಕೆಗಳು ಬರುವ ಮುಂಚಿನಂತೆ ಹತ್ತು ಲಕ್ಷದಲ್ಲಿ 280 ಪಾಲು ಇದ್ದಾಗ ಲೆಕ್ಕ ಹಾಕಿದರೆ 5.7, ಈಗಿನ 420 ದಾಟಿದ ಪ್ರಮಾಣಕ್ಕೆ 5.6. ಅಂಕಿಗೆ ಅರ್ಧ ಅಂಕ, ಉಳಿದದ್ದು ವಾದಕ್ಕೆ. ನೀರು ತಾನೇ ಒಡೆದು ಕೊಡುವ ಅಯಾನುಗಳನ್ನು ಇಲ್ಲಿ ಬಿಡಬಹುದು. ಆಮ್ಲದ ಎರಡನೇ ಹಂತದಿಂದ ಬರುವ ಕಾರ್ಬೊನೇಟ್ ಅಯಾನನ್ನೂ ಬಿಡಬಹುದು, ಅದು ಮೊದಲ ಹಂತದ ಹತ್ತಾರು ಸಾವಿರದಲ್ಲೊಂದು ಪಾಲಿನಷ್ಟೂ ಇಲ್ಲ.

ನಮ್ಮ ಹುಡುಗಿ ಇಷ್ಟನ್ನೂ ಬರೆದು, ಕೆಳಗೆ ಗೆರೆ ಎಳೆದು, ಕೇಳದ ಒಂದು ಮಾತು ಸೇರಿಸಿದ್ದಳು. ಸಮುದ್ರದ ನೀರಿನ ಪಿಎಚ್ 8.1ರ ಹತ್ತಿರ ಇರುವುದರಿಂದ ಅಲ್ಲಿ ಇದೇ ಕಾರ್ಬೊನೇಟನ್ನು ಬಿಡಲಾಗದು, ಚಿಪ್ಪಿನ ಜೀವಿಗಳು ಚಿಪ್ಪು ಕಟ್ಟುವುದೇ ಅದರಿಂದ, ಮಳೆಯ ಲೆಕ್ಕವನ್ನು ಕಡಲಿಗೆ ಹಾಕಬಾರದು ಎಂದು. ಗಾಳಿಯಲ್ಲಿ ಡೈಆಕ್ಸೈಡ್ ಹೆಚ್ಚಿದರೆ ಕಡಲಿನ ಕಾರ್ಬೊನೇಟ್ ಹೆಚ್ಚುವ ಬದಲು ಯಾಕೆ ಕಡಿಮೆಯಾಗುತ್ತದೆ ಎಂದು ತೋರಿಸಲು ಶುರುಮಾಡಿ, ಸಮಯ ಸಾಲದೆ ಅರ್ಧಕ್ಕೆ ನಿಲ್ಲಿಸಿದ್ದಳು. ಅದಕ್ಕೆ ಅಂಕ ಕೊಡಲು ಮಾರ್ಕಿಂಗ್ ಸ್ಕೀಮಿನಲ್ಲಿ ಜಾಗವಿರಲಿಲ್ಲ. ಪತ್ರಿಕೆಯನ್ನು ಪ್ರೊಫೆಸರರ ಮೇಜಿನ ಮೇಲಿಟ್ಟು ಬಂದೆ. ಸಂಜೆ ನೋಡಿದರೆ ಅವರು ಅದರ ಹಿಂಬದಿಯಲ್ಲಿ ಅವಳು ನಿಲ್ಲಿಸಿದ ಸಾಲಿನಿಂದ ಮುಂದುವರಿಸಿ ಲೆಕ್ಕವನ್ನು ಮುಗಿಸಿಟ್ಟಿದ್ದರು.